ಸುವರ್ಣ ಸಂಚಿಕೆಗೆ ಒಂದು ಪುಟ

ಐವತ್ತು ವರ್ಷದ ಸಂಚಿಕಿಗೆ ಸಭೆಯ ಚರಿತ್ರಿ
ಒಂದ ಪುಟದಾಗ ಬರದು ಕೊಡು ಅಂದಾರ ಪಾಸ್ಟರು.
ಮೂಗುಬಟ್ಟು ಸೈತ ಬಿಚ್ಚಿಟ್ಟ ಮಂದಿಗೆ
ಬಂಗಾರದ ಹಬ್ಬ. ಇರಲಿ.

ಮೊದಲ ಸಾಲಿಗೇ ಪೆನ್ನು ನಿಂತೈತಿ.
ಸ್ಥಾಪನೆ ಯಾವಾಗ?
ಎಜ್ರಪ್ಪ ಸೈಕಲ್ ಮ್ಯಾಲ ಜರ್ಮನ್ ಪಾತ್ರೆ ಹೇರಿಕೊಂಡು
ಬೀಳಗಿ ಕಡಿಂದ ಕರಿಸಂಗಿಗೆ ಬಂದ ದಿನಾನೊ,
ಹೊಳಿ ಬಂದು, ದೋಣಿ ನಿಂತು,
ನಮ್ಮ ಕೇರ್ಯಾಗ ಉಳಕೊಂಡ ರಾತ್ರಿನೊ?

ನಾಕು ರಾತ್ರಿ ಇದ್ದ. ಸತ್ಯವ್ವನ ಪಡಸಾಲ್ಯಾಗ
ಅರ್ಧಾ ಹೊಲಿದ ಕೌದಿ ಮ್ಯಾಲ ಕುಂತು
ಪಾತೇಲಿ ಬಡಿದು ಹಾಡಿದ.
ಐದನೇ ದಿನ ಹೊಳಿ ಇಳೀತು, ಅಂವ ಹೋದ.
ಪಾತೇಲಿ ಉಳೀತು. ರೊಕ್ಕಾ ಆಮ್ಯಾಲ ಕೊಡ್ರಿ ಅಂದಿದ್ದನಂತ.
ಲೆಕ್ಕದ ವಹಿಯ ಮೊದಲ ಹಾಳ್ಯಾಗ ಇನ್ನೂ ಐತಿ:
ಪಾತೇಲಿ ಒಂದು, ಹನ್ನೊಂದು ರೂಪಾಯಿ, ಬಾಕಿ.

ದುರಗವ್ವನ ಮಾತೂ ಬರೀಬೇಕು.
ಗೌಡರ ಓಣ್ಯಾಗ ತಲಿ ಎತ್ತದಾಕಿ,
ಕೂಲಿ ಕೇಳಾಕೂ ಗಂಡನ್ನ ಮುಂದ ಮಾಡ್ತಿದ್ದಾಕಿ,
ಒಂದು ಶುಕ್ರವಾರ ಉಪವಾಸದ ಕೂಟದಾಗ
ಎದ್ದು ನಿಂತು ಮಾತಾಡಾಕ ಹತ್ತಿದಳು.
ತೆಲುಗು ಇರಬೇಕು ಅಂದ ಗಂಡ.
ಗುಂಟೂರಿಗೆ ಮೆಣಸಿನಕಾಯಿ ಹರಿಯಾಕ ಹೋಗಿ ಬಂದ ಸಮುವೇಲ
ತೆಲುಗಲ್ಲ ಕಾಕಾ ಅಂದ.
ಗೋವಾದಾಗ ಗಚ್ಚು ಕಲಸಿದವರು ಕೊಂಕಣಿನೂ ಅಲ್ಲ ಅಂದ್ರು.
ಅರ್ಥ ಹೇಳವರು ಇವತ್ತಿನ ತನಕ ಬಂದಿಲ್ಲ.
ಅದರಾಗ 'ಧಣೀ' ಅನ್ನೋ ಶಬ್ದ ಇರಲಿಲ್ಲ,
ಅಷ್ಟು ಖಾತ್ರಿ. ನಾನು ಒಂಬತ್ತು ವರ್ಷದಾಕಿ, ಬಾಗಲದಾಗ ಇದ್ದೆ.

ದೀಕ್ಷಾಸ್ನಾನ ಕೃಷ್ಣಿಯೊಳಗ.
ಪಾವಟಿಗಿ ಇದ್ದ ಕಡೆ ನಮ್ಮನ್ನ ಬಿಡತಿರಲಿಲ್ಲ;
ಎಮ್ಮಿ ಬೀಳೋ ಮಡುವಿನ್ಯಾಗ
ಹನ್ನೆರಡು ಮಂದಿ ಮುಳುಗಿ ಎದ್ದರು.
ಕೆಂಚಪ್ಪ ಯೋಹಾನ ಆದ, ಸಾಬವ್ವ ರೆಬೆಕ್ಕ ಆದಳು.
ದುರಗವ್ವ ಮಾತ್ರ ಒಪ್ಪಲಿಲ್ಲ:
ಹೆಸರು ಬದಲಿ ಮಾಡಿದ್ರ ದೇವರಿಗೆ ಗುರುತು ಹೆಂಗ ಸಿಗಬೇಕು?

ಆಮ್ಯಾಲ ಆಣೆಕಟ್ಟಿನ ಅಳತಿಯವರು ಬಂದ್ರು.
ಗುಡಿಗೆ ಒಂದು ದರ, ಮಸೂತಿಗೆ ಒಂದು ದರ ಬರಕೊಂಡು
ನಮ್ಮ ತಗಡಿನ ಸಭೆ ಸುತ್ತ ಒಂದು ಸುತ್ತು ಹಾಕಿ
'ದನದ ಕೊಟ್ಟಿಗಿ, ಒಂದು' ಅಂತ ಬರದ್ರು.
ಅವಾಗಿನ ಪಾಸ್ಟರ್ ಯೆಶಾಯಪ್ಪ ನಕ್ಕ,
ಕೊಟ್ಟಿಗ್ಯಾಗ ಹುಟ್ಟಿದಾತಗ ಇದೇನ ಹೊಸಾದು ಅಂದ,
ಕೊಟ್ಟಿಗಿ ರೊಕ್ಕಾ ತಗೊಂಡು ಸಹಿ ಮಾಡಿದ.
ರಾತ್ರಿ ಅತ್ತನಂತ. ಅವನ ಹೇಣ್ತಿ ಹೇಳಿದ್ದು.

ನೀರು ಬಂತು.
ಗೌಡರ ಪಾವಟಿಗಿ, ನಮ್ಮ ಎಮ್ಮಿ ಮಡು
ಒಂದ ನೀರಾಗ ಹೋದುವು.
ಇಡೀ ಊರಿಗೆ ದೀಕ್ಷಾಸ್ನಾನ ಆತು;
ಮ್ಯಾಲ ಎತ್ತಾಕ ಯಾರೂ ಕೈ ಹಾಕಲಿಲ್ಲ.

ಪುನರ್ವಸತಿ ಕೇಂದ್ರದಾಗ ಪ್ಲಾಟ್ ನಂಬರ್ ಇನ್ನೂರ ಹದಿನಾಲ್ಕು.
ಅದ ತಗಡು, ಹೊಸಾ ಮೊಳಿ.
ಅಲ್ಲಿ ಸಭೆ ಒಡದು ಎರಡಾತು. ಒಂದ ಗ್ವಾಡಿ ಈಚಿಗೊಂದು, ಆಚಿಗೊಂದು.
ಅವರು ಉಸುರು ತಗೊಂಡಾಗ ನಮ್ಮ ಹಾಡು ಕೇಳತೈತಿ.
ಕೀಬೋರ್ಡಿನ ಸಲುವಾಗಿ ಜಗಳಾತು ಅಂತ ಬರಿ ಅಂತಾರ ಪಾಸ್ಟರು.
ಕೀಬೋರ್ಡಲ್ಲ. ದಶಮಾಂಶದ ಆರುನೂರು ರೂಪಾಯಿ.
ಯಾರು ತಗೊಂಡಿದ್ರು ನನಗ ಗೊತ್ತೈತಿ.
ಬರಿಯೂದಿಲ್ಲ. ನಮ್ಮಣ್ಣ ಅಂವ, ಸತ್ತಾನ.

ಮೇ ತಿಂಗಳಾಗ ಹಿನ್ನೀರು ಸರದ್ರ
ಹಳೇ ಊರಿನ ಬುನಾದಿ ಕಲ್ಲು ಏಳತಾವು.
ಈ ವರ್ಷ ದುರಗವ್ವನ್ನ ಟಂಟಂದಾಗ ಕರಕೊಂಡು ಹೋದೆ,
ಅಕಿಗಾದ್ರೂ ತಾರೀಖು ನೆನಪಿದ್ದೀತು ಅಂತ.
ಒಡದ ರಾಡಿ ಮ್ಯಾಲ ಸಿಂಪಿ ತುಳಕೊಂತ ನಡದಳು.
ಏನೂ ಇಲ್ಲದ ಕಡೆ ನಿಂತು
ಚಪ್ಪಲಿ ಬಿಟ್ಟಳು.
ನಾನೂ ಬಿಟ್ಟೆ, ಅಂಗಾಲು ಚುರ್ ಅಂದುವು.

ಒಳಗ ಬಾ, ಅಂದಳು. ಬಿಸಲೈತಿ.